ತಿದ್ದಲು ಕೊಟ್ಟ ಲೇಖನ

“ಬರೆಯೋಕೆ ಬರಲ್ಲ ಅಂದ್ರೆ ಪೊರಕೆ ಹಿಡಿಯಮ್ಮ. ನಿಮ್ಮನೇಲಿ ರೂಢಿ ಇದೆಯಲ್ಲ!”

ಪ್ರೊಫೆಸರ್ ಗೋಪೀನಾಥರು ನನ್ನ ಲೇಖನವನ್ನು ಮೇಜಿನ ಮೇಲೆ ಎಸೆದು ನಕ್ಕರು. ಪಕ್ಕದಲ್ಲಿ ಕೂತಿದ್ದ ಇಬ್ಬರು ಅಧ್ಯಾಪಕರೂ ನಕ್ಕರು. ನಗರದಂಚಿನ, ಉಲ್ಲಾಳದಾಚೆಯ ಆ ಕಾಲೇಜಿನಲ್ಲಿ ನಾನು ಆರು ವರ್ಷದಿಂದ ಅತಿಥಿ ಉಪನ್ಯಾಸಕಿ. ಅವರು ವಿಭಾಗದ ಮುಖ್ಯಸ್ಥರು, ನನ್ನ ಪಿಎಚ್.ಡಿ. ಮಾರ್ಗದರ್ಶಕರು. ನನ್ನವ್ವ ಅಕ್ಕಯ್ಯಮ್ಮ ಅದೇ ನಗರದ ವಿಜಯನಗರ ಬಡಾವಣೆಯ ಮಾರ್ಕೆಟ್ ಬೀದಿ ಗುಡಿಸುವವಳು. ಅವಳೂ ಅವಳ ಜೊತೆಯವರೂ ಹೇಳಿದ್ದನ್ನು ಎರಡು ವರ್ಷ ಕೂತು ಬರೆದಿದ್ದೆ. “ನಮ್ಮ ಹೆಸರು ಹಾಕೇ ಬರಿ ಕಣೇ” ಎಂದಿದ್ದರು ಎಲ್ಲರೂ.

“ಬೇಜಾರಾಗ್ಬೇಡ ಕವನಾ, ನೀನು ನನ್ನ ಮಗಳಿದ್ದ ಹಾಗೆ. ಬಿಟ್ಟು ಹೋಗು, ತಿದ್ದಿಕೊಡ್ತೀನಿ. ಪರ್ಮನೆಂಟ್ ಪೋಸ್ಟಿನ ಇಂಟರ್‌ವ್ಯೂಗೆ ನಾನೇ ಕೂರೋದು, ಗೊತ್ತಲ್ಲ?” ಎಂದವರು ಹಾಳೆಗಳನ್ನು ಜೋಪಾನವಾಗಿ ಜೋಡಿಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಸಂಜೆ ಅವ್ವನಿಗೆ ಹೇಳಿದೆ. ಕಾಲು ತೊಳೆಯುತ್ತಿದ್ದವಳು ತಲೆಯೆತ್ತಿದಳು.

“ಕಸ ಅಂದ್ರೆ ಬೀದಿಗೆಸೀತಾರೆ ಕಣೇ. ಬೀರುಗಿಕ್ಕಿ ಬೀಗ ಯಾಕೆ ಹಾಕ್ದ, ಆ ಬಡ್ಡೀಮಗ?”

“ದೊಡ್ಡೋರು ಕಣವ್ವ…”

“ಅದಕ್ಕೇ ಕೇಳ್ತಿರೋದು.”

ಮೂರು ತಿಂಗಳು, ಕೇಳಿದಾಗಲೆಲ್ಲ ಗೋಪೀನಾಥರು “ಓದ್ತಾ ಇದೀನಮ್ಮ” ಎಂದರು. ಅದೇ ಹುದ್ದೆಗೆ ಅರ್ಜಿ ಹಾಕಿದ್ದ ಅವರ ಸೊಸೆ ಸ್ಮೃತಿ ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದಳು.

ವಿಚಾರ ಸಂಕಿರಣದ ದಿನ ಬಂದವರಿಗೆ ಫೈಲು ಹಂಚುವ ಕೆಲಸ ನನಗೆ ಬಿತ್ತು. ಒಂದನ್ನು ತೆರೆದೆ. ಒಳಗಿದ್ದ ಲೇಖನದ ತಲೆಬರಹ ನನ್ನದು. ಕೆಳಗೆ ಗೋಪೀನಾಥ, ಸ್ಮೃತಿ ಎಂದಿತ್ತು. ಹೆಂಗಸರ ಹೆಸರು ತೆಗೆದದ್ದು ಬಿಟ್ಟರೆ ಒಂದಕ್ಷರವನ್ನೂ ತಿದ್ದಿರಲಿಲ್ಲ.

ವೇದಿಕೆಯ ಮೇಲೆ ಅವರು ಗಂಟಲು ಗದ್ಗದ ಮಾಡಿಕೊಂಡು ಓದುತ್ತಿದ್ದರು: “ಒಬ್ಬ ಹೆಂಗಸು ನನ್ನ ಕೈ ಹಿಡಿದು ಹೇಳಿದಳು, ‘ಆರು ತಿಂಗಳ ಬಸುರಿ, ಗಾಡಿ ತಳ್ತಿದ್ದೆ. ಕೂಸು ಬೀದೀಲೇ ಹೋಯ್ತು. ರಕ್ತಾನೂ ನೀನೇ ಗುಡಿಸು ಅಂದ ಮೇಸ್ತ್ರಿ.’”

ಅವ್ವ ಮೂವತ್ತು ವರ್ಷ ಯಾರಿಗೂ ಹೇಳದಿದ್ದ ಮಾತು ಅದು. ಫೈಲುಗಳನ್ನು ಕುರ್ಚಿಯ ಮೇಲೆ ಹಾಕಿ, ಸಭಿಕರಿಗೆಂದು ಇಟ್ಟಿದ್ದ ಮೈಕಿನ ಬಳಿ ಹೋದೆ.

“ಸಾರ್, ಅವಳ ಹೆಸರೇನು?”

“ಹೆಸರು ಗುಟ್ಟಾಗಿಡ್ಬೇಕಮ್ಮ, ಅದು ಸಂಶೋಧನೆಯ ನೀತಿ. ಹೋಗು, ಫೈಲು ಹಂಚು.”

“ಅಕ್ಕಯ್ಯಮ್ಮ ಸಾರ್. ನಮ್ಮವ್ವ. ನಿಮ್ಮ ಕೈ ಹಿಡಿಯೋದಿರ್ಲಿ, ಮುಖಾನೂ ನೋಡಿಲ್ಲ ಅವಳು.”

ಅವರು ಕೈಸನ್ನೆ ಮಾಡಿದರು. ನನ್ನ ಮೈಕು ಬಂದಾಯಿತು.

“ನಾಳೆಯಿಂದ ಕಾಲೇಜಿಗೆ ಬರ್ಬೇಡ.”

“ಬರಲ್ಲ. ಇವತ್ತಂತೂ ಕದಲಲ್ಲ. ಓದಿ ಸಾರ್, ಮುಂದಿನ ಪ್ಯಾರಾ. ಯಾರ್ಯಾರ ಹೆಸರು ಹೊಡೆದಾಕಿದೀರೋ ನಾನು ಹೇಳ್ತಾ ಹೋಗ್ತೀನಿ.”

ಮುಂದಿನ ಸಾಲಿನಲ್ಲಿದ್ದ ಸ್ಮೃತಿ ತಲೆ ತಗ್ಗಿಸಿದಳು. ಅವರು ಹಾಳೆ ತಿರುವಿದರು, ಓದಲಿಲ್ಲ.

“ಪಾರವ್ವ,” ಎಂದು ಕೂಗಿ ಹೇಳಿದೆ. ಸಭಿಕರಲ್ಲಿ ಯಾರೋ ಇಬ್ಬರು ಎದ್ದು ಹೊರಗೆ ನಡೆದರು. ನಾನು ಮೂರನೆಯ ಹೆಸರು ಹೇಳಿದೆ.