ಪುದಿಯಾಪ್ಳೆಯ ಕುರ್ಚಿ

"ಡಿಕ್ಷನರಿಯಲ್ಲಿ ಎರಡಕ್ಕೂ ಅತಿಥಿ ಅಂತಲೇ ಉಂಟು ಉಪ್ಪ. ಮತ್ತೆ ವ್ಯತ್ಯಾಸ ಎಂತ ಅಂತ ಬರೆಯುವುದು?"

ರಿಝಾನಾ ಚಾವಡಿಯ ಮೆಟ್ಟಿಲ ಮೇಲೆ ಕುಳಿತು ಪೆನ್ಸಿಲಿನ ತುದಿ ಕಚ್ಚುತ್ತಿದ್ದಳು. ಒಂಬತ್ತನೇ ಕ್ಲಾಸಿನ ಇಂಗ್ಲಿಷ್ ಟೀಚರು ಒಂದೇ ಅರ್ಥ ಎಂದು ಕಾಣುವ ಶಬ್ದಗಳನ್ನು ಜೋಡಿ ಮಾಡಿ ಕೊಟ್ಟು, ಬೇರೆ ಬೇರೆ ವಾಕ್ಯ ಮಾಡಿಕೊಂಡು ಬನ್ನಿ ಎಂದಿದ್ದರು. ಇವತ್ತಿನ ಜೋಡಿ ಗೆಸ್ಟ್ ಮತ್ತು ವಿಸಿಟರ್. ಬೆತ್ತದ ಕುರ್ಚಿಯಲ್ಲಿ ಒರಗಿದ್ದ ಅವಳ ಅಪ್ಪ ಹಸೈನಾರ್ ಬೆನ್ನು ನೆಟ್ಟಗೆ ಮಾಡಿ ಕುಳಿತ. ದುಬೈಯಿಂದ ಬಂದ ಮೇಲೆ ಈ ಮನೆಯಲ್ಲಿ ಅವನಿಗೆ ಸಿಕ್ಕಿದ ಮೊದಲ ಕೆಲಸ ಇದು.

"ನಿನ್ನ ಟೀಚರಿಗಿಂತ ಇದು ನನಗೆ ಚೆನ್ನಾಗಿ ಗೊತ್ತುಂಟು. ಕೇಳು. ನಮ್ಮ ಹೋಟೆಲಿನಲ್ಲಿ ಗೆಸ್ಟ್ ಅಂದರೆ ರೂಮಿನ ಕೀ ಇರುವವ. ಅವನ ಪೆಟ್ಟಿಗೆ ನಾವು ಹೊರಬೇಕು. ಅವನಿಗೆ ಎಂತ ಬಡಿಸುವುದಾದರೂ ಕೇಳಿಯೇ ಬಡಿಸಬೇಕು. ಇನ್ನು ಸ್ವಲ್ಪ ಟೀ ಹಾಕಲಾ ಸಾರ್ ಅಂತ. ಕೇಳದೆ ಹಾಕಿದರೆ ಮ್ಯಾನೇಜರು ಬೈತಾರೆ. ವಿಸಿಟರ್ ಅಂದರೆ ಆ ಗೆಸ್ಟನ್ನು ನೋಡ್ಲಿಕ್ಕೆ ಬಂದವ. ಕೆಳಗೆ ಸೋಫಾದಲ್ಲಿ ಕೂತು ಮಾತಾಡಿ ಹೋಗಬೇಕು. ಮೇಲೆ ಬಿಡ್ಲಿಕ್ಕಿಲ್ಲ."

"ಆಸ್ಪತ್ರೆಗೆ ಹೋದವರು?"

"ವಿಸಿಟರ್. ಆಸ್ಪತ್ರೆಗೆ ಯಾರಾದರೂ ಗೆಸ್ಟ್ ಆಗಿ ಹೋಗ್ತಾರಾ?"

"ಸ್ಕೂಲ್ ಡೇಗೆ ಬರುವವರು ಚೀಫ್ ಗೆಸ್ಟ್."

"ಅದೇ. ಹಾರ ಹಾಕುವುದಾದರೆ ಗೆಸ್ಟ್."

ಮಗಳು ನಕ್ಕಳು. ಬರೆಯಲು ಹೊರಟವಳು ತಲೆಯೆತ್ತಿ ಮತ್ತೆ ಕೇಳಿದಳು, "ಹಾಗಾದರೆ ಎರಡೂ ಅಲ್ಲದವರು?"

"ಹೋಟೆಲಿನಲ್ಲಾ? ಸ್ಟಾಫ್."

ತನ್ನ ಮಾತಿಗೆ ತಾನೇ ನಗುತ್ತಿದ್ದ ಹಸೈನಾರನ ನಗು ಗೇಟಿನ ಸದ್ದು ಕೇಳಿ ಅರ್ಧಕ್ಕೇ ನಿಂತಿತು. ಪಕ್ಕದ ಹಿತ್ತಿಲಿನ ಸಿಸಿಲಿಯಾ ಬಾಯಮ್ಮ ಸೆರಗಿನಲ್ಲಿ ಏನನ್ನೋ ಅಪ್ಪಿಕೊಂಡು ಬರುತ್ತಿದ್ದಳು. ಅದೇನೆಂದು ಅವನಿಗೆ ನೋಡದೆಯೇ ಗೊತ್ತಿತ್ತು.

"ವಿಲ್ಫ್ರೆಡನಿಗೆ ಮಿಡಿ ಉಪ್ಪಿನಕಾಯಿ," ಎಂದಳು ಬಾಯಮ್ಮ. ದಾರಿಯಲ್ಲಿ ಚೆಲ್ಲಬಾರದೆಂದು ಬಾಟಲಿಯ ಬಾಯಿಗೆ ಮೇಣ ಸುರಿದು, ಮೇಲೆ ಬಟ್ಟೆ ಹೊಲಿದಿದ್ದಳು. "ಮಗನಿಗೆ ದುಬೈಯ ಊಟ ರುಚಿಸುವುದಿಲ್ಲವಂತೆ. ನಿಮಗೆ ಭಾರ ಆಗ್ತದಾ ಏನೋ."

"ಇಲ್ಲ ಬಾಯಮ್ಮ, ಎಂತ ಭಾರ. ಕೊಡಿ," ಎಂದು ಹಸೈನಾರ್ ಎರಡು ಕೈ ಚಾಚಿದ. ಯಾರು ಏನು ಕೊಟ್ಟರೂ ನಗುಮುಖದಿಂದ ತೆಗೆದುಕೊಳ್ಳುವುದು ಹೋಟೆಲಿನ ಕೆಲಸದಲ್ಲಿ ಅವನ ಕೈಗೆ ಹತ್ತಿದ ಚಟ.

ಕಾಪುವಿನಲ್ಲಿ ಗಲ್ಫಿನವನೊಬ್ಬ ರಜೆ ಮುಗಿಸಿ ಹೊರಟನೆಂದರೆ ಅವನ ಪೆಟ್ಟಿಗೆ ಅರ್ಧ ಊರಿನದ್ದು. ಯಾರದೋ ಮಗನಿಗೆ ಹಪ್ಪಳ, ಇನ್ಯಾರದೋ ಗಂಡನಿಗೆ ಮಣಿಪಾಲದ ಡಾಕ್ಟರು ಬರೆದುಕೊಟ್ಟ ಮೊಣಕಾಲಿನ ಎಣ್ಣೆ. ಬೇಡ ಎನ್ನುವ ಹಾಗಿಲ್ಲ. ಎಂದರೆ ಮುಂದಿನ ಸಲ ತನ್ನ ಮನೆಯ ಕಟ್ಟನ್ನು ಯಾರೂ ಮುಟ್ಟುವುದಿಲ್ಲ. ಹಸೈನಾರ್ ಮಲಗುವ ಕೋಣೆಯಲ್ಲಿ ಕಿಟಕಿಯವರೆಗೆ ಕಟ್ಟುಗಳು ಸೇರಿದ್ದವು. ಮಟ್ಟುವಿನಿಂದ ಯಾರೋ ಪುಣ್ಯಾತ್ಮರು ತಮ್ಮನಿಗೆಂದು ಗುಳ್ಳ ಬದನೆಯನ್ನೇ ಚೀಲ ತುಂಬಿ ತಂದಿಟ್ಟಿದ್ದರು. ಅದು ಈಗ ಮೆತ್ತಗಾಗಿ ವಾಸನೆ ಬರತೊಡಗಿತ್ತು.

ಆದರೆ ಹಸೈನಾರ್ ಮತ್ತೆ ದುಬೈಗೆ ಹೋಗುವವನಿರಲಿಲ್ಲ. ಅವನು ಕೆಲಸ ಮಾಡುತ್ತಿದ್ದ ಹೋಟೆಲನ್ನು ಬೇರೆಯವರು ಕೊಂಡು, ಹಳೆಯ ಜನರನ್ನೆಲ್ಲ ಮನೆಗೆ ಕಳಿಸಿದ್ದರು. ವೀಸಾ ರದ್ದಾಗಿತ್ತು. ಬೊಂಬಾಯಿಯಲ್ಲಿ ವಿಮಾನ ಇಳಿದು, ಬಸ್ಸಿನಲ್ಲಿ ಕುಳಿತು, ಮನೆಗೆ ಹೋದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡೇ ಬಂದಿದ್ದ. ಬಂದ ದಿನ ಅತ್ತೆ ಆಸಿಯಮ್ಮ ತುಪ್ಪದ ಪತ್ತಿರ್ ರೊಟ್ಟಿ ಮಾಡಿ, ಗಾಜಿನ ಕಪಾಟಿನಿಂದ ಹೂವಿನ ಚಿತ್ತಾರದ ಪಿಂಗಾಣಿ ತಟ್ಟೆ ತೆಗೆದಳು. ಊಟವಾಗಲಿ ಎಂದುಕೊಂಡ. ಊಟವಾದ ಮೇಲೆ ಯಾರೋ ಬಂದರು. ಮಾರನೆಯ ದಿನ ಮೊದಲ ಕಟ್ಟು ಬಂತು. ಕೈ ತಾನಾಗಿ ಮುಂದೆ ಹೋಯಿತು. ಒಂದನ್ನು ತೆಗೆದುಕೊಂಡ ಮೇಲೆ ಎರಡನೆಯದನ್ನು ಬೇಡ ಎನ್ನುವುದು ಹೇಗೆ?

ಹೇಡಿತನ ಅಂದರೆ ಹೇಡಿತನವೇ. ಆದರೆ ಅವನ ಹೆದರಿಕೆಗೂ ಒಂದು ಕಾರಣವಿತ್ತು. ಈ ಮನೆತನದ ರೂಢಿಯಲ್ಲಿ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರಬೇಕು. ಮನೆ ಹೆಣ್ಣುಮಕ್ಕಳದು. ಬಂದವನು ಪುದಿಯಾಪ್ಳೆ, ಹೊಸ ಮದುಮಗ. ತಲೆ ನರೆತರೂ ಪುದಿಯಾಪ್ಳೆಯೇ. ಎರಡು ವರ್ಷಕ್ಕೊಮ್ಮೆ ಬಂದು ಎರಡು ತಿಂಗಳಿದ್ದು ಹೋಗುವ ಹಸೈನಾರನಿಗೆ ಅದೊಂದು ಹಬ್ಬ. ಬೆತ್ತದ ಕುರ್ಚಿಯಲ್ಲಿ ಬೇರೆ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ಒಮ್ಮೆ ಬಾವಿಯಿಂದ ಒಂದು ಕೊಡ ನೀರು ಸೇದೋಣವೆಂದು ಹಗ್ಗ ಹಿಡಿದರೆ ಆಸಿಯಮ್ಮ ಓಡಿ ಬಂದು ಕಸಿದುಕೊಂಡಿದ್ದಳು. "ಛೆ ಛೆ, ನೀವು ಯಾಕೆ! ಜನ ಎಂತ ಹೇಳಿಯಾರು?" ಹೊರಟುಹೋಗುವವನೆಂದೇ ಈ ಉಪಚಾರ ಎಂಬುದು ಹಸೈನಾರನಿಗೆ ಗೊತ್ತಿತ್ತು. ಹೋಗದೆ ಉಳಿದವನಿಗೆ ಈ ಮನೆಯಲ್ಲಿ ಎಲ್ಲಿ ಜಾಗ, ಯಾವ ಕೆಲಸ, ಯಾವ ತಟ್ಟೆ?

ಮೊದಲು ತಂಗಿಗೆ ಹೇಳಿ ನೋಡೋಣವೆಂದು ಕಾರ್ಕಳಕ್ಕೂ ಹೋಗಿ ಬಂದಿದ್ದ. ಅವನು ಹುಟ್ಟಿ ಬೆಳೆದ ಮನೆ ಅದು. ಅಲ್ಲಿಯೂ ಚಾವಡಿಯಲ್ಲೊಂದು ಕುರ್ಚಿ ಇತ್ತು. ಅದರಲ್ಲಿ ತಂಗಿಯ ಗಂಡ ಪೇಪರು ಓದುತ್ತಿದ್ದ. ತಂಗಿ ಒಳ್ಳೆಯ ಗ್ಲಾಸಿನಲ್ಲಿ ಶರಬತ್ತು ತಂದು, "ಯಾವಾಗ ಹೊರಡುವುದು ಅಣ್ಣ?" ಎಂದು ಪ್ರೀತಿಯಿಂದಲೇ ಕೇಳಿದಳು. ಗ್ಲಾಸು ಖಾಲಿ ಮಾಡಿ ಸಂಜೆಯ ಬಸ್ಸಿಗೆ ವಾಪಸು ಬಂದ. ಕಾರ್ಕಳದಲ್ಲಿ ತಾನು ಯಾರೆಂದು ಮಗಳು ಕೇಳಿದ್ದರೆ ಅವನು ತಡವರಿಸದೆ ವಿಸಿಟರ್ ಎನ್ನುತ್ತಿದ್ದ.

ಆ ಸಂಜೆ ಇನ್ನೂ ಮದುವೆಯಾಗದ ಭಾವಮೈದುನ ಶಿಹಾಬ್ ಪೇಟೆಯ ಚಪ್ಪಲಿ ಅಂಗಡಿ ಮುಚ್ಚಿ ಬಂದವನು ಖುಷಿಯಲ್ಲಿದ್ದ.

"ಭಾವ, ನಿಮ್ಮ ಕೆಲಸ ಮಾಡಿಬಿಟ್ಟೆ ಮಾರಾಯ್ರೆ. ಗುರುವಾರದ ಬೊಂಬಾಯಿ ಬಸ್ಸಿಗೆ ಸೀಟು ಹೇಳಿದ್ದೇನೆ. ಕಿಟಕಿ ಬದಿ. ರಜೆ ಮುಗೀತಾ ಬಂತು, ನೀವು ಸಂಕೋಚದಲ್ಲಿ ಹೇಳುವುದಿಲ್ಲ ಅಂತ ನನಗೆ ಗೊತ್ತು."

"ಇಷ್ಟು ಬೇಗ ಯಾಕೆ," ಎಂದ ಹಸೈನಾರ್.

"ಕಿಟಕಿ ಬದಿ ಸಿಗುವುದಿಲ್ಲ ಮತ್ತೆ," ಎಂದ ಶಿಹಾಬ್. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನೆಬಿಸಾ ಗಂಡನ ಮುಖವನ್ನು ಒಮ್ಮೆ ನೋಡಿ ಒಳಗೆ ಹೋದಳು.

ಬೆಳಗಾಗುವಾಗ ನೆಬಿಸಾ ಅಟ್ಟದಿಂದ ಪೆಟ್ಟಿಗೆ ಇಳಿಸಿ ಕೋಣೆಯ ನಡುವೆ ಬಿಚ್ಚಿಟ್ಟಿದ್ದಳು. ಒಂದೊಂದೇ ಕಟ್ಟನ್ನು ಎತ್ತಿ ಒಳಗೆ ಒಗೆಯುತ್ತಿದ್ದಳು. ಒಗೆಯುತ್ತಿದ್ದಳು ಎಂದೇ ಹೇಳಬೇಕು. ಹಪ್ಪಳ ಮುರಿದ ಸದ್ದು ಕೇಳಿದರೂ ನಿಲ್ಲಿಸಲಿಲ್ಲ.

"ಸ್ವಲ್ಪ ಮೆಲ್ಲ," ಎಂದ ಹಸೈನಾರ್.

ನೆಬಿಸಾ ಮಂಚದ ಕೆಳಗೆ ಕೈ ಹಾಕಿ, ಹಳೆಯ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪಾತ್ರೆಯನ್ನು ಎಳೆದಳು. ಹಿಡಿ ಸಡಿಲವಾದ, ತಳ ಕಪ್ಪಾದ ಅಲ್ಯೂಮಿನಿಯಂ ಟೀ ಪಾತ್ರೆ. ದುಬೈಯ ರೂಮಿನಲ್ಲಿ ಇಷ್ಟು ವರ್ಷ ಅವನು ಚಹಾ ಕುದಿಸುತ್ತಿದ್ದದ್ದು ಅದರಲ್ಲೇ.

"ಇದನ್ನೂ ಹಾಕಬೇಕಾ?"

ಹಸೈನಾರ್ ಮಂಚದ ತುದಿಯಲ್ಲಿ ಕುಳಿತುಬಿಟ್ಟ.

"ರಜೆಯಲ್ಲಿ ಬರುವವರು ಇದನ್ನು ತರ್ತಾರಾ? ಇಷ್ಟು ವರ್ಷ ತಂದಿದ್ದೀರಾ? ನೀವು ಬಂದ ದಿನ ಬಟ್ಟೆ ತೆಗೆಯುವಾಗಲೇ ಇದು ನನ್ನ ಕೈಗೆ ಸಿಕ್ಕಿತು. ಅವತ್ತೇ ಗೊತ್ತಾಯ್ತು ನನಗೆ."

"ಗೊತ್ತಿದ್ದೂ ನೀನು..."

"ನೀವೇ ಹೇಳ್ತೀರಿ ಅಂತ ಕಾದೆ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ನೀವು ಬಾಯಮ್ಮನ ಉಪ್ಪಿನಕಾಯಿ ತಕ್ಕೊಂಡು ಒಳಗಿಟ್ಟಿರಿ! ಉಮ್ಮನಿಗೆ ಹೇಳ್ಲಿಕ್ಕೆ ಹೆದರಿಕೆ, ಸರಿ. ಶಿಹಾಬನ ಎದುರು ಮರ್ಯಾದೆ, ಸರಿ. ನನಗೆ? ನಾನು ನಿಮಗೆ ಯಾರು? ಗುರುವಾರ ಬಸ್ಸು ಹತ್ತಿ ಎಲ್ಲಿಗೆ ಹೋಗುವುದು ಅಂತ ಇದ್ದಿರಿ ನೀವು?"

ಅದು ಅವನಿಗೂ ಗೊತ್ತಿರಲಿಲ್ಲ. ಬಸ್ಸು ಹತ್ತಿಯೇ ಬಿಡುತ್ತಿದ್ದನೋ ಏನೋ. ಬೊಂಬಾಯಿಯಲ್ಲಿ ಇಳಿದು ಯಾವುದಾದರೂ ಹೋಟೆಲಿನಲ್ಲಿ ತಟ್ಟೆ ಎತ್ತಿಕೊಂಡು, ದುಬೈಯಲ್ಲಿದ್ದೇನೆ ಎಂದು ಫೋನು ಮಾಡಿಕೊಂಡು ಇರಬಹುದು ಎಂಬ ಯೋಚನೆ ಹಿಂದಿನ ದಿನ ಒಂದು ಗಳಿಗೆ ಬಂದು ಹೋಗಿತ್ತು. ಹೆಂಡತಿಯ ಮುಖ ನೋಡಿದಾಗ ಅವನಿಗೆ ಅದನ್ನು ನೆನೆದು ನಾಚಿಕೆಯಾಯಿತು. ಎಂಥ ನಾಚಿಕೆಯೆಂದರೆ, ಕುಳಿತಲ್ಲಿಂದ ಏಳಲಾರದಷ್ಟು.

"ಉಮ್ಮನಿಗೆ ನೀವೇ ಹೇಳಿ. ನಾನು ಹೇಳುವುದಿಲ್ಲ," ಎಂದು ನೆಬಿಸಾ ಟೀ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಎದ್ದುಹೋದಳು.

ಹೇಳುವುದನ್ನು ಹಸೈನಾರ್ ಸುಲಭದ ಕಡೆಯಿಂದ ಶುರುಮಾಡಿದ. ಮಿಡಿ ಉಪ್ಪಿನಕಾಯಿ ಹಿಡಿದುಕೊಂಡು ಪಕ್ಕದ ಹಿತ್ತಿಲಿಗೆ ಹೋದ. ಸಿಸಿಲಿಯಾ ಬಾಯಮ್ಮ ಅಂಗಳದಲ್ಲಿ ತೆಂಗಿನ ಗರಿ ಸೀಳುತ್ತಿದ್ದಳು. ಕೆಲಸ ಹೋಗಿದೆ, ಇನ್ನು ನಾನು ಹೋಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಬಾಟಲಿಯನ್ನು ಜಗಲಿಯ ಮೇಲಿಟ್ಟ. ಬಾಯಮ್ಮ ಕತ್ತಿ ಕೆಳಗಿಟ್ಟು ಬಾಟಲಿಯನ್ನು ಮಡಿಲಿಗೆ ಎಳೆದುಕೊಂಡಳು.

"ಹಾಗಾದರೆ ಇದನ್ನು ಯಾರಲ್ಲಿ ಕಳಿಸುವುದು?" ಎಂದಳು.

ಅಯ್ಯೋ ಪಾಪ ಎನ್ನುತ್ತಾಳೆ, ಊರೆಲ್ಲ ಹೇಳಿಕೊಂಡು ಬರುತ್ತಾಳೆ ಎಂದು ಏನೇನೋ ಎಣಿಸಿಕೊಂಡು ಬಂದಿದ್ದ ಹಸೈನಾರ್ ತಬ್ಬಿಬ್ಬಾದ. ಅವಳಿಗೆ ಬೇಕಾದದ್ದು ಉಪ್ಪಿನಕಾಯಿ ಕೆಡುವುದರೊಳಗೆ ಹೊರಡುವ ಇನ್ನೊಬ್ಬ. ಉಚ್ಚಿಲದಲ್ಲಿ ಯಾರೋ ಹೋಗುವವರಿದ್ದಾರಂತೆ, ವಿಚಾರಿಸುತ್ತೇನೆ ಎಂದು ಹೇಳಿ ಬಂದ.

ಆಸಿಯಮ್ಮ ಬಾವಿಕಟ್ಟೆಯಲ್ಲಿದ್ದಳು. ಹಸೈನಾರ್ ಹತ್ತಿರ ಹೋಗಿ ನಿಂತು, "ಮಾಮಿ, ಒಂದು ವಿಷಯ ಹೇಳ್ಲಿಕ್ಕಿತ್ತು," ಎಂದ. ನಿಧಾನವಾಗಿ, ಏನನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಹಗ್ಗಕ್ಕೆ ಕೈ ಚಾಚಿದ. ಮುದುಕಿ ಹಗ್ಗ ಕೊಡಲಿಲ್ಲ. ಕೊಡ ಮೇಲೆ ಬಂತು. ಅದನ್ನು ಸೊಂಟಕ್ಕಿಟ್ಟುಕೊಂಡಳು.

"ಬಸ್ಸಿನವರಿಗೆ ಹೇಳ್ಲಿಕ್ಕೆ ಶಿಹಾಬನಿಗೆ ತಿಳಿಸಿ. ಸೀಟು ಬೇರೆಯವರಿಗಾದರೂ ಆಗ್ಲಿ," ಎಂದಷ್ಟೇ ಹೇಳಿ ಒಳಗೆ ನಡೆದಳು.

ಆಮೇಲೆ ಆಕೆ ಅವನೊಡನೆ ಮಾತಾಡಲಿಲ್ಲ. ಶಿಹಾಬ್ ಸುದ್ದಿ ಕೇಳಿ, "ಮೊದಲೇ ಹೇಳಬಾರದಿತ್ತಾ ಭಾವ," ಎಂದು ಒಂದೆರಡು ಸಲ ಹೇಳಿ, ಅಂಗಡಿಯ ಕಡೆಗೆ ಬನ್ನಿ ಎಂದೇನೂ ಅನ್ನದೆ ಸುಮ್ಮನಾದ. ನೆಬಿಸಾಳ ಮುಖದ ಗಂಟು ಬಿಚ್ಚಲಿಲ್ಲ. ಹಸೈನಾರ್ ಕಟ್ಟುಗಳನ್ನು ಹೆಗಲಿಗೇರಿಸಿ ಮನೆಮನೆಗೆ ಹೋಗಿ ಮರಳಿಸಿ ಬಂದ. ಮಟ್ಟುವಿನ ಗುಳ್ಳವನ್ನು ಮಾತ್ರ ತೆಂಗಿನ ಬುಡಕ್ಕೆ ಸುರಿದು, ಬರಿಗೈಯಲ್ಲಿ ಹೋಗಿ ಕ್ಷಮೆ ಕೇಳಿದ. ಅವರು ಒಂದು ಲೋಟ ನೀರನ್ನೂ ಕೊಡಲಿಲ್ಲ.

ಗುರುವಾರ ಮಧ್ಯಾಹ್ನ ಕೊನೆಯ ಮನೆಗೆ ಹೋಗಿ ಬಂದು ನೋಡಿದರೆ ಚಾವಡಿಯಲ್ಲಿ ಬೆತ್ತದ ಕುರ್ಚಿ ಇರಲಿಲ್ಲ.

"ಕುರ್ಚಿ ಎಲ್ಲಿ?" ಎಂದು ಮಗಳನ್ನು ಕೇಳಿದ.

"ಅಜ್ಜಿ ಒಳಗೆ ಇಡ್ಲಿಕ್ಕೆ ಹೇಳಿದ್ರು. ಯಾರಾದರೂ ಬಂದಾಗ ತೆಗೆದರೆ ಸಾಕಂತೆ," ಎಂದಳು ರಿಝಾನಾ. ಅವಳು ಅವನ ಮುಖ ನೋಡದೆ ಹೇಳಿದಳು.

ಹಸೈನಾರ್ ಕಾಲು ತೊಳೆದು ಬಹಳ ಹೊತ್ತು ಅಂಗಳದಲ್ಲೇ ನಿಂತ. ಹಸಿವಾಗಿತ್ತು. ಊಟಕ್ಕೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅಷ್ಟು ವರ್ಷಗಳಲ್ಲಿ ಆ ಮನೆಯಲ್ಲಿ ಕರೆಯದೆ ಊಟಕ್ಕೆ ಕುಳಿತವನಲ್ಲ. ಕೊನೆಗೆ ಒಳಗಿನ ಪಾತ್ರೆಯ ಸದ್ದು ಕೇಳುತ್ತ ತಾನಾಗಿ ಅಡುಗೆಮನೆಗೆ ಹೋದ. ನೆಲದ ಮೇಲೆ ಚಾಪೆ ಹಾಸಿತ್ತು. ನೆಬಿಸಾ, ರಿಝಾನಾ, ಶಿಹಾಬ್ ಆಗಲೇ ಕುಳಿತಿದ್ದರು. ಚಾಪೆಯ ತುದಿಯಲ್ಲಿ ಒಂದು ಸ್ಟೀಲ್ ಬಟ್ಟಲು ಖಾಲಿ ಇತ್ತು. ಹಸೈನಾರ್ ಮಂಡಿ ಮಡಚಿ ಅದರ ಮುಂದೆ ಕುಳಿತ.

ಆಸಿಯಮ್ಮ ಕುಚ್ಚಲಕ್ಕಿ ಗಂಜಿ ಬಡಿಸಿದಳು. ಇಷ್ಟು ವರ್ಷ ಆ ಮನೆಯಲ್ಲಿ ಅವನ ಎದುರಿಗೆ ಗಂಜಿ ಬಂದದ್ದಿರಲಿಲ್ಲ. ಇದು ಶಿಕ್ಷೆಯೋ ಏನೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಬರಲಿಲ್ಲ. ನೆಬಿಸಾ ಎತ್ತಲೋ ನೋಡುತ್ತ ಒಣಮೀನಿನ ಚಟ್ನಿಯ ತಟ್ಟೆಯನ್ನು ಅವನತ್ತ ತಳ್ಳಿದಳು. ಒಲೆಯ ಮೇಲಿನ ಗೋಡೆಯ ಮೊಳೆಗಳಲ್ಲಿ ಮನೆಯ ಸೌಟು ಬಾಣಲೆಗಳ ಸಾಲಿನಲ್ಲಿ ಅವನ ಟೀ ಪಾತ್ರೆ ನೇತಾಡುತ್ತಿತ್ತು. ಯಾರೋ ಅದರ ತಳವನ್ನು ಬೂದಿ ಹಾಕಿ ತಿಕ್ಕಿದ್ದರು.

ಹೆದ್ದಾರಿಯ ಕಡೆಯಿಂದ ಬೊಂಬಾಯಿ ಬಸ್ಸಿನ ಉದ್ದನೆಯ ಹಾರ್ನ್ ಕೇಳಿಸಿತು. ಚಾಪೆಯ ಮೇಲೆ ಎಲ್ಲರ ಕೈಗಳೂ ನಿಂತವು. ಶಿಹಾಬ್ ಗೋಡೆಯ ಗಡಿಯಾರ ನೋಡಿದ. ಬಸ್ಸು ಉಡುಪಿಯ ಕಡೆಗೆ ಹೊರಟು, ಅದರ ಸದ್ದು ಪೂರ್ತಿ ಅಡಗಿತು. ಹಸೈನಾರ್ ಬಟ್ಟಲಿನೊಳಗೆ ನೋಡುತ್ತ ಕುಳಿತಿದ್ದ. ಗಂಜಿ ಅರ್ಧ ಮುಗಿದಿತ್ತು.

ಆಸಿಯಮ್ಮ ಪಾತ್ರೆ ಹಿಡಿದು ಚಾಪೆಯ ತುದಿಗೆ ಬಂದು ಬಗ್ಗಿದಳು. ಬೇಕಾ ಎಂದು ಕೇಳದೆ ಅವನ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಸುರಿದು ಮುಂದೆ ಹೋದಳು.