ಒಂದು ವರ್ಷ ಮುಟ್ಟಬಾರದು

ಲೊಡಲೊಡ, ಈ ಕಾಯಿ ಒಣಗಿ ಆಗಿದೆ, ಇದು ಇಲ್ಲ, ಒಳಗಿನ್ನೂ ನೀರಿನ ಸದ್ದು, ಮತ್ತೆ ಅಟ್ಟಕ್ಕೇ, ಇನ್ನೆರಡು ತಿಂಗಳು ಬಿಟ್ಟರೆ ಕೊಬ್ಬರಿ ತಾನಾಗೇ ಚಿಪ್ಪು ಬಿಡುತ್ತದೆ, ತಾನಾಗೇ, ಥೂ, ನನ್ನ ಬಾಯಿಗೆ ಬೇರೆ ಮಾತೇ ಇಲ್ಲವೇನೋ — ಅಂಗಳದಲ್ಲಿ ಕೂತು ಒಂದೊಂದೇ ಕಾಯಿ ಕಿವಿಗೆ ಹಿಡಿದು ಅಲ್ಲಾಡಿಸಿ ತೋಳು ಬಿದ್ದುಹೋಗುತ್ತಿದೆ, ಒಳಗೆ ಹೆಂಡತಿ ಕಲ್ಲಮ್ಮ ಮಗಳಿಗೆ ಉಣ್ಣಿಸುತ್ತಿದ್ದಾಳೆ, ಒಂಬತ್ತು ತುಂಬಿದ ಹುಡುಗಿಗೆ, ಗಿರಿಜೆ ಅಮ್ಮನ ಮಣಿಕಟ್ಟು ಹಿಡಿದು ಮಜ್ಜಿಗೆ ಚೆಂಬಿನ ಮೇಲೆ ಇಡುತ್ತಿರಬೇಕು, ಬೇಕು ಅನ್ನುವುದಕ್ಕೆ ಅವಳದು ಅದೇ ಮಾತು, ನಮ್ಮಿಬ್ಬರಿಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಹೇಗೆ ಆಗಬೇಕು, ನಾವಿಲ್ಲದ ದಿನ ಈ ಹುಡುಗಿ ಬಾಯಾರಿಕೆ ಅಂತ ಯಾರಿಗೆ ತಿಳಿಸುತ್ತಾಳೆ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಆಗ ಗಿರಿಜೆಗೆ ನಾಲ್ಕು ವರ್ಷ, ಬೆಂಗಳೂರಿನ ಡಾಕ್ಟರು ಚೀಟಿಯಲ್ಲಿ ಆಟಿಸಂ ಅಂತ ಬರೆದುಕೊಟ್ಟರು, ನಾನೆಂಥ ಬೆಪ್ಪ, ಟಾನಿಕ್ಕಿನ ಹೆಸರೆಂದುಕೊಂಡು ತಿಪಟೂರಿನ ಔಷಧಿ ಅಂಗಡಿಯಲ್ಲಿ ಕೇಳಿದೆ, ಇದು ಔಷಧಿ ಅಲ್ಲ ಕಣ್ರೀ, ಹೊಂಬಾಳಮ್ಮನವರ ಹತ್ರ ಹೋಗಿ ಅಂದ ಅಂಗಡಿಯವನು — ಇಂಥ ಮಕ್ಕಳಿಗೆ ಕಲಿಸುವ ತರಬೇತಿ ಮೈಸೂರಲ್ಲಿ ಪಡೆದು ಬಂದ ಮೇಡಂ, ಅವರ ಪಡಸಾಲೆಯ ಚಾಪೆಯ ಮೇಲೆ ನಾಲ್ಕೇ ಮಕ್ಕಳು, ಐದನೆಯದನ್ನು ಕೂರಿಸುತ್ತಿರಲಿಲ್ಲ, ಸರದಿ ಬೇಗ ಬರಬೇಕು, ಇಲ್ಲದಿದ್ದರೆ ಮಗು ಕಾಯುವುದನ್ನೇ ಬಿಡುತ್ತದೆ ಅನ್ನುತ್ತಿದ್ದರು, ಒಂದು ಹಾಡು, ಒಂದು ಬಟ್ಟಲು ಕೊಬ್ಬರಿ ಚೂರು, ಬಟ್ಟಲು ಹಿಡಿದ ಮಗುವಿನ ಕಡೆ ಪಕ್ಕದ ಮಗು ಕೈ ಚಾಚಿ ಕೇಳಬೇಕು, ತಿಂದು ಮುಂದಕ್ಕೆ ದಾಟಿಸಬೇಕು, ಇಷ್ಟೇನಾ ಪಾಠ ಅಂತ ಬಾಗಿಲಲ್ಲಿ ನಿಂತು ನಕ್ಕಿದ್ದೆ, ಮೊದಲ ತಿಂಗಳು ಗಿರಿಜೆ ಗೋಡೆಗೆ ಮುಖ ಮಾಡಿ ಕೂತಳು, ಯಾರೂ ಎಳೆಯಲಿಲ್ಲ, ಎರಡನೆಯ ತಿಂಗಳು ಹಾಡಿಗೆ ತಿರುಗಿದಳು, ಮೂರನೆಯದರಲ್ಲಿ ಒಂದು ಬೆಳಿಗ್ಗೆ ಎಡಕ್ಕೆ ಕೂತಿದ್ದ ಸಿದ್ದಮ್ಮ ಅನ್ನುವ ಹುಡುಗಿಯ ಕಡೆ ಕೈ ಚಾಚಿ, ಅವಳ ಮುಖ ನೋಡಿ, ಕೊಡು ಅಂದಳು, ಕೊಡು, ನನ್ನ ಮಗಳು, ನಾನು ಆಚೆ ಬಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಅಷ್ಟು ಕಣ್ಣಾರೆ ಕಂಡವನು ಬಿಡಿಸಿದೆನಲ್ಲ, ದೊಡ್ಡಪ್ಪನ ಮಗ ಏಕಾಂತಯ್ಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, ಏನ್ಲಾ ಶಂಭುಲಿಂಗ, ದಿನಾ ಮಗೀನ ಹೊತ್ಕೊಂಡು ಊರೋರ್ಗೆಲ್ಲ ತೋರಿಸ್ಕೊಂಡು ಬತ್ತೀಯ, ಮನೇಲಿ ಸುಮ್ನೆ ಬುಡು, ಬೆಳೀತಾ ಸರಿಹೋಯ್ತದೆ ಅಂದ, ಅವನನ್ನು ಅಂದು ಏನು ಬಂತು, ನನಗೂ ಒಳಗೊಳಗೆ ನಾಚಿಕೆಯಿತ್ತು, ಅವನದೊಂದು ನೆಪ ಸಿಕ್ಕಿತು, ಮಾರನೆಯ ದಿನದಿಂದ ಕಳಿಸಲಿಲ್ಲ — ವಾರವಾದ ಮೇಲೆ ಹೊಂಬಾಳಮ್ಮ ತಾವೇ ಬಸ್ಸು ಹತ್ತಿ ನಮ್ಮೂರು ಹಾಲ್ಕುರಿಕೆಗೆ ಬಂದರು, ಬಿಸಿಲಲ್ಲಿ ನಡೆದು ಬಂದವರು ನೀರು ಕೂಡ ಮುಟ್ಟದೆ, ಶುರುವಾಗಿದೆ ಕಣ್ರೀ, ಈಗ ನಿಲ್ಲಿಸಬೇಡಿ ಅಂದರು, ನಾನು ದೊಡ್ಡ ಬುದ್ಧಿವಂತ, ಅವರನ್ನು ಅಟ್ಟದ ಏಣಿಯ ಬುಡಕ್ಕೆ ಕರೆದುಕೊಂಡು ಹೋಗಿ ಮೇಲೆ ತೋರಿಸಿದೆ, ನೋಡಿ ಮೇಡಂ, ಸಿಪ್ಪೆ ಸಮೇತ ಹಾಕ್ತೀವಿ, ವರ್ಷ ಮುಟ್ಟಲ್ಲ, ಮುಟ್ಟಿದ್ರೆ ಕೆಡ್ತದೆ, ತಾನಾಗೇ ಆಯ್ತದೆ, ಮಗೂನೂ ಒಂದು ವರ್ಷ ಹಂಗೇ ಬುಟ್ಟು ನೋಡ್ತೀನಿ. ಅವರು ಮೇಲೆ ನೋಡಲೇ ಇಲ್ಲ. ಕಾಯಿಗೆ ಯಾರೂ ಬೇಕಾಗಿಲ್ಲ, ಮಗೂಗೆ ಇನ್ನೊಂದು ಮಗು ಬೇಕು ಅಂದರು. ಕಲ್ಲಮ್ಮ ಕಂಬದ ಹಿಂದೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು, ಅವಳ ಕಡೆಗೂ ನಾನು ತಿರುಗಲಿಲ್ಲ.

ಒಂದು ವರ್ಷ ಅಂದದ್ದು ಐದಾಯಿತು, ಕಲಿತ ಆ ಒಂದು ಮಾತೂ ಹೋಯಿತು, ಮೊನ್ನೆ ಸೋಮವಾರ ನಾನೇ ಮಾನ ಬಿಟ್ಟು ಅವರ ಬಾಗಿಲಿಗೆ ಹೋದೆ, ಬೈಯಲಿಲ್ಲ ಪುಣ್ಯಾತ್ಗಿತ್ತಿ, ಬೈದಿದ್ದರೆ ಹಗುರಾಗುತ್ತಿತ್ತು, ಕರ್ಕೊಂಡು ಬನ್ನಿ, ಈಗಲೂ ಕಲಿತಾಳೆ, ಆದರೆ ಆಗ ಮೂರು ತಿಂಗಳಲ್ಲಿ ಬಂದದ್ದಕ್ಕೆ ಈಗ ಮೂರು ವರ್ಷ ಹಿಡಿದೀತು ಅಂದರು, ಬಿಡಿಸಿದ ಮೇಲೆ ಕೊಡು ಅಂತ ಕೇಳೋದನ್ನ ಯಾವಾಗ ನಿಲ್ಲಿಸಿದಳು ಅಂತ ಕೇಳಿ ಪುಸ್ತಕ ತೆರೆದು ಪೆನ್ನು ಹಿಡಿದರು, ಅದೇ ವಾರ ಮೇಡಂ, ತಾನಾಗೇ ನಿಲ್ಲಿಸಿದಳು ಅಂದೆ, ಅವರು ಹಾಗೇ ಬರೆದುಕೊಂಡರು, ಸುಳ್ಳು, ತಾನಾಗೇ ಅಲ್ಲ — ಬಿಡಿಸಿದ ಮೇಲೂ ಪ್ರತಿ ಬೆಳಿಗ್ಗೆ ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು, ಎಡಕ್ಕೆ ಕೈ ಚಾಚುತ್ತಿದ್ದಳು, ಎಡಕ್ಕೆ ಯಾರೂ ಇರಲಿಲ್ಲ, ಕೊಡು, ಕೊಡು, ನಾನು ಒಂದು ಚೂರು ಕೊಬ್ಬರಿ ತಂದು ಇಟ್ಟೆ, ಅಂಗೈ ಓರೆ ಮಾಡಿ ಕೆಡವಿ ಮತ್ತೆ ಚಾಚಿದಳು, ಎಂಟು ದಿನ, ಒಂಬತ್ತನೆಯ ದಿನ ಬೀದಿಯವರು ನೋಡುತ್ತಾರೆ ಅಂತ ನಾನೇ ಅವಳ ಬೆರಳು ಒಂದೊಂದಾಗಿ ಮಡಚಿ, ಸಾಕು ಬುಡು ಮಗ ಅಂತ ತೊಡೆಯ ಮೇಲೆ ಒತ್ತಿ ಹಿಡಿದೆ, ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಒತ್ತಿದೆ, ಆ ಕೈ, ನಾಲ್ಕು ವರ್ಷದ ಕೈ, ನನ್ನ ಕೈಯೊಳಗೇ ಎಡಕ್ಕೆ ಏಳುತ್ತಿತ್ತು, ಎಡಕ್ಕೆ