ಕಸ್ತೂರೆವ್ವನ ಪಡಸಾಲೆ

“ಇನ್ನೂ ಮ್ಯಾಲ ಹೊಂಟೈತಿ,” ಎಂದಳು ಕಸ್ತೂರೆವ್ವ.

ಅದು ನಿಜವೇ ಆಗಿತ್ತು. ಟಿವಿಯ ಗಾಜಿನೊಳಗೆ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ ಹೆಂಗಸಿನ ಕಾಲು ಮೇಲಿತ್ತು, ತಲೆ ಕೆಳಗಿತ್ತು, ನಡುವೆ ದಪ್ಪನೆಯ ಕರಿ ಪಟ್ಟಿ. ಎಲ್ಲವೂ ಬಾವಿಯ ಹಗ್ಗದ ಹಾಗೆ ಮೇಲಕ್ಕೆ ಸರಿಯುತ್ತಲೇ ಇತ್ತು.

ಟಿವಿಯ ಹಿಂದೆ ಅಬ್ದುಲರಜಾಕ ಮೊಣಕಾಲೂರಿ ಕುಳಿತಿದ್ದ. ಸಿಂದಗಿಯಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದವನು, ಹಳ್ಳಿಗಳಿಗೆ ಸರಕಾರ ಟಿವಿ ಕೊಟ್ಟಾಗ ಮೂರು ವಾರದ ತರಬೇತಿ ಮುಗಿಸಿ ಈ ಹಂಗಾಮಿ ಕೆಲಸ ಹಿಡಿದಿದ್ದ. ಕೆಟ್ಟ ಕಂಡೆನ್ಸರು ಕಿತ್ತು ಹೊಸದನ್ನು ಬೆಸೆದಾಗಿತ್ತು. ಇನ್ನು ಉಳಿದದ್ದು ಸಣ್ಣದೊಂದು ತಿರುಪು ತಿರುಗಿಸಿ ಚಿತ್ರವನ್ನು ನಿಲ್ಲಿಸುವುದು. ಆದರೆ ತಿರುಪು ಇರುವುದು ಹಿಂದೆ, ಚಿತ್ರ ಇರುವುದು ಮುಂದೆ. ಎದುರಿಗೆ ನಿಂತು ಹೇಳುವವರೊಬ್ಬರು ಬೇಕು.

ಆ ಕೆಲಸಕ್ಕೆ ಹೆಂಡತಿಯನ್ನು ನಿಲ್ಲಿಸಿ ಹೋದವನು ರೇವಪ್ಪ. ಪಂಚಾಯಿತಿಯ ಮೆಂಬರು. ಶಾಲೆ ಸೋರುತ್ತದೆಂಬ ನೆಪ ಹೇಳಿ ಊರ ಟಿವಿಯನ್ನು ತನ್ನ ಪಡಸಾಲೆಗೇ ತಂದಿರಿಸಿಕೊಂಡಿದ್ದ. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಹೋಗುವಾಗ ಮೆಕ್ಯಾನಿಕನಿಗೆ ಬೈದೇ ಹೋಗಿದ್ದ.

“ಮೂರನೇ ಸಲ ಬಂದೀ ನೀನು. ಸಂಜಿಗೆ ಟಿವಿ ನೋಡಾಕ ಬಿಜಾಪುರದ ಸಾಹೇಬ್ರು ಬರ್ತಾರ. ಅವರ ಮುಂದ ನನ್ನ ಮಾನಾ ಹೋತಂದ್ರ ನಿನ್ನ ನೌಕರಿ ಹೋತಂತ ತಿಳಕೋ. ರೇಡಿಯೋ ಬಿಚ್ಚಾಂವಗ ಟಿವಿ ಉಸಾಬರಿ ಯಾಕ ಬೇಕಾಗಿತ್ತು?”

ಅಬ್ದುಲರಜಾಕ ತನ್ನಷ್ಟಕ್ಕೆ ಗೊಣಗಿದ್ದು ಕಸ್ತೂರೆವ್ವನ ಕಿವಿಗೆ ಬಿದ್ದಿತ್ತು: “ಹನ್ನೊಂದೂವರಿಗೆ ಸಾಲಿ ಕಾರ್ಯಕ್ರಮ ಮುಗೀತೈತಿ, ಮುಂದ ಸಂಜೀತನಕ ಏನೂ ಬರೂದಿಲ್ಲ. ಅಷ್ಟರಾಗ ಚಿತ್ರ ನಿಂದರಲಿಲ್ಲಂದ್ರ ಡಬ್ಬಿ ಕಟ್ಟಿ ಸಿಂದಗಿಗೆ ಒಯ್ಯೂದ.”

ಒಯ್ಯುವುದು! ಆ ಮಾತು ಕೇಳಿದಾಗಿನಿಂದ ಹನ್ನೊಂದೂವರೆ ಯಾವಾಗ ಆದೀತೆಂದು ಅವಳು ಕಾಯುತ್ತಿದ್ದಳು. ಚೊಚ್ಚಲ ಹೆರಿಗೆಗೆ ಬಂದ ಮಗಳು ಗುರವ್ವ ಜೋಳದ ಚೀಲಗಳ ನಡುವಿನ ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡಿದ್ದಳು. ಆ ಕೋಣೆಯಿಂದ ಹೊರಗೆ ಹೋಗಲು ಪಡಸಾಲೆಯೊಂದೇ ದಾರಿ. ಸಂಜೆಯಾದರೆ ಅಲ್ಲಿ ನೂರು ಗಂಡಸರು. ಹೋದ ವಾರ, ಟಿವಿ ಕೆಡುವ ಹಿಂದಿನ ದಿನ, ತುಂಬಿದ ಬಸುರಿ ಹೊರಕಡೆಗೆ ಹೋಗಬೇಕಾಗಿ ಎರಡೂವರೆ ತಾಸು ಹಲ್ಲು ಕಚ್ಚಿ ಕುಳಿತು, ಕೊನೆಗೆ ತಡೆಯಲಾಗದೆ ಕೋಣೆಯಲ್ಲೇ ಸೀರೆ ತೋಯಿಸಿಕೊಂಡು ಅತ್ತಿದ್ದಳು. ರೇವಪ್ಪನಿಗೆ ಹೇಳಿದರೆ, “ಮಂದಿಗೆ ಏಳ್ರಿ ಅಂತ ಹೇಳಲೇನು?” ಎಂದು ಕಣ್ಣು ಕೆಕ್ಕರಿಸಿದ್ದ. ಆ ಡಬ್ಬಿಯ ಮೇಲೆ ಕಸ್ತೂರೆವ್ವನಿಗೆ ಅಂದೇ ಹಗೆ ಹುಟ್ಟಿತು.

“ಈಗ?” ಎಂದ ಅಬ್ದುಲರಜಾಕ.

ಕರಿ ಪಟ್ಟಿ ನಿಧಾನವಾಯಿತು, ತೆವಳಿತು, ಗಾಜಿನ ಅಂಚಿಗೆ ಹೋಗಿ ಮಾಯವಾಯಿತು. ಹಾಡು ಹೇಳುವ ಹೆಂಗಸು ನೆಟ್ಟಗೆ ನಿಂತು ಕಸ್ತೂರೆವ್ವನನ್ನೇ ನೋಡಿ ನಕ್ಕಳು.

“ಮ್ಯಾಲ ಹೊಂಟೈತಿ.”

“ಜಾಸ್ತಿಯೋ, ಕಡಿಮಿಯೋ?”

“ಜಾಸ್ತಿ.”

ಅವನು ಇನ್ನಷ್ಟು ತಿರುಗಿಸಿದ. ಕೈ ಜಾರಿ ಎಲ್ಲೋ ತಾಗಿ ಕರೆಂಟು ಹೊಡೆಯಿತು. ಹೌಹಾರಿ ಹಿಂದಕ್ಕೆ ಬಿದ್ದ. ಬೆರಳು ಬಾಯಿಗಿಟ್ಟುಕೊಂಡವನ ಕಣ್ಣಲ್ಲಿ ನೀರು. ಕಸ್ತೂರೆವ್ವನಿಗೆ ಪಾಪ ಅನಿಸಿತು. ಅನಿಸಿದರೂ ನಿಜ ಹೇಳಲಿಲ್ಲ. ಅವನು ಬಯ್ಯುತ್ತಲೇ ಎದ್ದು ಮತ್ತೆ ತಿರುಪು ಹಿಡಿದ.

“ಈಗೇನು?”

ಚಿತ್ರ ಈಗ ಮೇಲಿನಿಂದ ಕೆಳಗೆ ಸುರಿಯುತ್ತಿತ್ತು. ಸದ್ಯ ಮತ್ತೆ ಕೆಟ್ಟಿತಲ್ಲ ಎಂಬ ಸಮಾಧಾನದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. “ಈಗ ಕೆಳಗ ಇಳ್ಯಾಕತ್ತೈತಿ.”

ಟಿವಿಯ ಹಿಂದಿನಿಂದ ಅವನ ತಲೆ ಮೇಲೆದ್ದಿತು.

“ಯಕ್ಕಾರ, ಮ್ಯಾಲ ಹೋಗೂದು ಕೆಳಗ ಇಳೀಬೇಕಂದ್ರ ನಡುವ ಒಮ್ಮೆ ನಿಂದರಬೇಕಲ್ರಿ?”

ಅವನೇ ಹೋಗಿ ಗೋಡೆಗೆ ತೂಗುಹಾಕಿದ್ದ ಕನ್ನಡಿಯನ್ನು ಕಿತ್ತು ತಂದು ಟಿವಿಯ ಎದುರಿಗೆ ಕೊಡಕ್ಕೆ ಆನಿಸಿಟ್ಟ. ಮತ್ತೆ ಹಿಂದೆ ಹೋಗಿ ಕುಳಿತು, ಕನ್ನಡಿಯಲ್ಲಿ ನೋಡುತ್ತ ಎರಡು ಸಲ ತಿರುಗಿಸಿದ. ಚಿತ್ರ ನಿಂತಿತು.

“ಆಗಳೇ ನಿಂತಿತ್ತಲ್ರಿ ಇದು?”

“ಅದು ನಿಂತ್ರ ಸಂಜಿಗೆ ಊರ ಗಂಡಸರೆಲ್ಲಾ ಇಲ್ಲಿ ಕುಂದರತಾರ. ನನ್ನ ಮಗಳು ಒಳಗ ದಿನಾ ತುಂಬ್ಯಾಳ. ಹೊರಕಡೀಗೆ ಹೋಗಾಕ ಆಕಿಗೆ ಹಾದಿ ಇಲ್ಲ. ಒಯ್ಯೋ ಮಿಸ್ತ್ರಿ ಇದನ್ನ, ನಿನ್ನ ಕಾಲ ಬೀಳತೀನಿ.”

“ನಿಮ್ಮ ಮನಿ ಜಗಳಕ್ಕ ನಾ ಯಾಕ ಸಾಯಲ್ರಿ? ನನಗೂ ಮೂರು ಮಕ್ಕಳು ಅದಾವ.”

ರೇವಪ್ಪ ಬಂದು “ಆತೇನು?” ಎಂದಾಗ ಅಬ್ದುಲರಜಾಕ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಬೆಳಗಿನಿಂದ ತಿಂದ ಬೈಗುಳವೆಲ್ಲ ಅವನ ಗಂಟಲಲ್ಲಿತ್ತು. “ಟಿವಿ ಕೆಟ್ಟಿದ್ದಿಲ್ರಿ ಅಷ್ಟು. ಕೆಟ್ಟಿದ್ದು ನಿಮ್ಮ ಮನಿಯವ್ರ ಕಣ್ಣು. ನಿಂತ ಚಿತ್ರಾ ಓಡಾಕತ್ತೈತಿ ಅಂತ ಹೇಳಿ ನನ್ನ ಕೊಲ್ಲತಿದ್ರು,” ಎಂದವನೇ ಮೆಟ್ಟಿಲಿಳಿದು ಹೋದ. ರೇವಪ್ಪ ಕನ್ನಡಿಯನ್ನು ಅಂಗಳಕ್ಕೆ ಎಸೆದ. ಹೆಂಡತಿಯ ಮೇಲೆ ಕೈ ಎತ್ತಿದವನು, ಬಾಗಿಲಲ್ಲಿ ಹೊಟ್ಟೆ ಹಿಡಿದು ನಿಂತ ಮಗಳನ್ನು ಕಂಡು ಕೈ ಇಳಿಸಿದ, ಬಾಯಿ ಇಳಿಸಲಿಲ್ಲ.

ಸಂಜೆ ತಾನೇ ಟಿವಿ ಪೆಟ್ಟಿಗೆಯ ಬೀಗ ತೆಗೆದು ಅದನ್ನು ಹಚ್ಚಿ, ಸಾಹೇಬರನ್ನು ಎದುರುಗೊಳ್ಳಲು ಊರಿನವರನ್ನೆಲ್ಲ ಕರೆದುಕೊಂಡು ಬಸ್ಸಿನ ರಸ್ತೆಗೆ ಹೋದ. ಅವನು ಓಣಿ ದಾಟಿದ್ದೇ ತಡ, ಕಸ್ತೂರೆವ್ವ ಕೋಣೆಯೊಳಗಿನ ಹೊರಸನ್ನು ಎಳೆದು ತಂದು ಟಿವಿಯ ಮುಂದೆ ಹಾಕಿದಳು. ಮಗಳನ್ನು ಮಲಗಿಸಿದಳು. ಹೆರಿಗೆ ಮನೆಯ ಗುರುತಿಗೆ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿ, ಸೂಲಗಿತ್ತಿ ತಿಪ್ಪವ್ವನನ್ನು ಕರೆತಂದು ಹೊಸ್ತಿಲ ಮೇಲೆ ಕೂರಿಸಿದಳು. ಗುರವ್ವನಿಗೆ ಹೆರಿಗೆಯ ಬ್ಯಾನಿಯೂ ಇರಲಿಲ್ಲ, ಏನೂ ಇರಲಿಲ್ಲ. ತಿಪ್ಪವ್ವನಿಗೂ ಅದು ಗೊತ್ತಿತ್ತು.

ಅರ್ಧ ತಾಸಿನಲ್ಲಿ ಸಾಹೇಬರನ್ನು ಮುಂದೆ ಮಾಡಿಕೊಂಡು ಊರೇ ಬಂತು. ತಿಪ್ಪವ್ವ ಕೂತಲ್ಲಿಂದ ಕದಲಲಿಲ್ಲ.

“ಹುಡುಗಿ ಬ್ಯಾನಿ ತಿನ್ನಾಕತ್ತಾಳ. ಒಳಗ ಬರೂ ಗಂಡಸು ಯಾಂವ ಅದಾನ, ಬರಲಿ ನೋಡೋಣ.”

ಸಾಹೇಬರು ಚಪ್ಪಲಿ ಬಿಡಲು ಬಗ್ಗಿದ್ದವರು ಹಾಗೆಯೇ ಎದ್ದು ಮೂರು ಹೆಜ್ಜೆ ಹಿಂದೆ ಸರಿದರು. “ಹೆರಿಗಿ ಮನಿಯಾಗ ಯಾಕ ಇಟ್ಟೀರಿ ಇದನ್ನ? ನಾಳೆ ಚಾವಡಿಗೆ ಸಾಗಸ್ರಿ,” ಎಂದು ರೇವಪ್ಪನಿಗೆ ಎಲ್ಲರೆದುರೇ ಗದರಿದರು. ಯಾರೋ ಕಿಸಕ್ಕನೆ ನಕ್ಕರು. ರೇವಪ್ಪನ ಮುಖ ಕಪ್ಪಿಟ್ಟಿತು. ಕಿಟಕಿಯ ಸರಳು ಹಿಡಿದು ಹಲ್ಲು ಕಡಿದ.

“ಸಾಹೇಬ್ರು ಹೋಗಲಿ. ನೋಡ್ತೇನಿ ನಿನ್ನ.”

“ನೋಡ್ರಿ,” ಎಂದಳು ಕಸ್ತೂರೆವ್ವ.

ಟಿವಿಯನ್ನು ಆರಿಸುವುದು ಅವಳಿಗೆ ಬರುತ್ತಿರಲಿಲ್ಲ. ಅದು ತನ್ನ ಪಾಡಿಗೆ ಮಾತಾಡುತ್ತಿತ್ತು. ತಿಂಗಳಿಂದ ಗೋಡೆಯಾಚೆ ಮಲಗಿ ಬರೀ ಸದ್ದು ಕೇಳಿದ್ದ ಗುರವ್ವ ಮೊಣಕೈ ಊರಿ ಅರ್ಧ ಎದ್ದಳು. ಗಾಜಿನೊಳಗೆ ಹೂ ಮುಡಿದ ಹುಡುಗಿಯೊಬ್ಬಳು ಮುಂದಿನ ಕಾರ್ಯಕ್ರಮದ ಹೆಸರು ಹೇಳುತ್ತಿದ್ದಳು.

“ಯವ್ವಾ, ದಿನಾ ಮಾತಾಡಾಕಿ ಇಕಿನಾ ಏನ? ನಾ ಯಾರೋ ಮುದುಕಿ ಅನಕೊಂಡಿದ್ನಿ.”

ಹೊರಗೆ ಗದ್ದಲ ಇನ್ನೂ ನಡೆದೇ ಇತ್ತು. ಕಸ್ತೂರೆವ್ವ ಇನ್ನೊಂದು ದಿಂಬು ತಂದು ಮಗಳ ಬೆನ್ನಿಗೆ ಆಸರೆ ಕೊಟ್ಟಳು.